ಲಾಟರಿಯಲ್ಲಿ ಸೀಟು ಸಿಕ್ಕ ಶಾಲೆಯ ಬಗ್ಗೆ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ಹೋಸೆ ಕಡೆಗೆ ಹೊಸದಾಗಿ ಬರುವ ನಮ್ಮವರು ಮನೆ ಹುಡುಕುವುದಕ್ಕೂ ಮೊದಲು ಶಾಲೆ ಹುಡುಕುತ್ತಾರೆ. ಫೋನ್ ಮಾಡಿದವರೆಲ್ಲ ಕೇಳುವುದು ಒಂದೇ ಮಾತು. "ನಿಮ್ಮ ಮಗಳು ಹೋಗೋದು ಚಾರ್ಟರ್ ಶಾಲೆ ಅಲ್ವಾ? ಫೀಸು ಎಷ್ಟು?" ಫೀಸು ಇಲ್ಲ. ಒಂದು ಡಾಲರೂ ಇಲ್ಲ. ಅದು ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆ. ಫೋನಿನಲ್ಲಿ ಅರ್ಧ ಹೇಳಿ ಅರ್ಧ ಬಿಡುವುದಕ್ಕಿಂತ ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ.

ನಮ್ಮೂರಿನ ಅನುದಾನಿತ ಶಾಲೆ ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ಮೇಷ್ಟ್ರ ಸಂಬಳ ಸರ್ಕಾರದ್ದು, ಆಡಳಿತ ಮಂಡಳಿ ಬೇರೆಯವರದ್ದು. ಇಲ್ಲೂ ಹೆಚ್ಚುಕಮ್ಮಿ ಹಾಗೇ. ಒಂದು ಗುಂಪು, ಅಂದರೆ ಶಿಕ್ಷಕರೋ ಅಪ್ಪ ಅಮ್ಮಂದಿರೋ ಒಂದು ಸಂಸ್ಥೆಯೋ, ನಾವು ಹೀಗೆ ಕಲಿಸುತ್ತೇವೆ ಅಂತ ಬರೆದುಕೊಂಡು ಸ್ಕೂಲ್ ಡಿಸ್ಟ್ರಿಕ್ಟ್ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ) ಅಥವಾ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಮುಂದೆ ಹೋಗುತ್ತದೆ. ಅವರು ಒಪ್ಪಿದರೆ ಕೆಲವು ವರ್ಷಕ್ಕೆ, ಸಾಮಾನ್ಯವಾಗಿ 5 ವರ್ಷಕ್ಕೆ, ಅನುಮತಿ ಸಿಗುತ್ತದೆ. ಆ ಒಪ್ಪಂದವೇ ಚಾರ್ಟರ್. ಅವಧಿ ಮುಗಿದಾಗ ಮಕ್ಕಳು ಕಲಿತಿದ್ದಾರೆ, ಲೆಕ್ಕಪತ್ರ ಸರಿಯಾಗಿದೆ ಅಂತ ತೋರಿಸಬೇಕು. ತೋರಿಸದಿದ್ದರೆ ಶಾಲೆಗೆ ಬೀಗ ಬೀಳಬಹುದು. ಹೇಗೆ ಕಲಿಸಬೇಕು, ದಿನ ಹೇಗೆ ಸಾಗಬೇಕು ಅನ್ನುವುದರಲ್ಲಿ ಇವರಿಗೆ ಸ್ವಾತಂತ್ರ್ಯ ಜಾಸ್ತಿ. ಆದರೆ ರಾಜ್ಯದ ಪರೀಕ್ಷೆ ತಪ್ಪಿಸುವಂತಿಲ್ಲ, ಧರ್ಮ ಬೋಧಿಸುವಂತಿಲ್ಲ, ವಿಶೇಷ ಅಗತ್ಯ ಇರುವ ಮಗುವನ್ನು ವಾಪಸ್ ಕಳಿಸುವಂತಿಲ್ಲ. 1991ರಲ್ಲಿ ಮಿನ್ನೆಸೋಟ ಮೊದಲು ಇದಕ್ಕೆ ಕಾನೂನು ಮಾಡಿತು. ಮಾರನೇ ವರ್ಷವೇ ಕ್ಯಾಲಿಫೋರ್ನಿಯಾ ಮಾಡಿತು. ಇವತ್ತು ಈ ರಾಜ್ಯ ಒಂದರಲ್ಲೇ 1200ಕ್ಕೂ ಹೆಚ್ಚು ಚಾರ್ಟರ್ ಶಾಲೆಗಳಿವೆ, ಸುಮಾರು 7 ಲಕ್ಷ ಮಕ್ಕಳು ಓದುತ್ತಿದ್ದಾರೆ.

ಸೀಟಿಗೆ ಪರೀಕ್ಷೆ ಇಲ್ಲ, ಇಂಟರ್‌ವ್ಯೂ ಇಲ್ಲ, ಡೊನೇಷನ್ ಇಲ್ಲ. ಇರುವ ಸೀಟಿಗಿಂತ ಅರ್ಜಿ ಜಾಸ್ತಿ ಬಂದರೆ ಎಲ್ಲರ ಎದುರು ಲಾಟರಿ ಎತ್ತುತ್ತಾರೆ. ನಮ್ಮಲ್ಲಿ ಆರ್‌ಟಿಇ ಸೀಟಿಗೆ ಎತ್ತುತ್ತಾರಲ್ಲ, ಹಾಗೆ. ಅಣ್ಣನೋ ಅಕ್ಕನೋ ಅಲ್ಲೇ ಓದುತ್ತಿದ್ದರೆ, ಆ ಡಿಸ್ಟ್ರಿಕ್ಟಿನಲ್ಲೇ ಮನೆ ಇದ್ದರೆ ಸಾಮಾನ್ಯವಾಗಿ ಮೊದಲ ಆದ್ಯತೆ. ಉಳಿದವರು ವೇಟಿಂಗ್ ಲಿಸ್ಟಿಗೆ. ಲಾಟರಿ ನ್ಯಾಯವಾಗಿಯೇ ನಡೆಯುತ್ತದೆ, ಆದರೆ ಅದು ಅರ್ಜಿ ಹಾಕಿದವರ ನಡುವಿನ ನ್ಯಾಯ ಮಾತ್ರ. ಎರಡು ಕಡೆ ಕೆಲಸ ಮಾಡಿ ರಾತ್ರಿ ಮನೆ ಸೇರುವ ತಾಯಿಗೆ ಇಂಥದ್ದೊಂದು ಶಾಲೆ ಇದೆ ಅಂತ ಹೇಳುವವರು ಯಾರು? ನಮ್ಮ ಶಾಲೆಯವರು ಅರ್ಜಿಯನ್ನು ಸ್ಪ್ಯಾನಿಷ್, ವಿಯೆಟ್ನಾಮೀಸ್‌ನಲ್ಲೂ ಅಚ್ಚು ಹಾಕಿಸಿ ಲೈಬ್ರರಿಗಳಲ್ಲಿ, ಲಾಂಡ್ರಿ ಅಂಗಡಿಗಳಲ್ಲಿ ಇಡುತ್ತಾರೆ. ಅದು ಇನ್ನೂ ಜಾಸ್ತಿ ಆಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ದಿನಚರಿ. ಬೆಳಿಗ್ಗೆ ಎಂಟಕ್ಕೆ ಕಾರುಗಳ ಸಾಲು ಶುರು. ಪ್ರಿನ್ಸಿಪಾಲ್ ತಾವೇ ಗೇಟಿನ ಹತ್ತಿರ ನಿಂತು ಕಾರಿನ ಬಾಗಿಲು ತೆಗೆದು ಮಕ್ಕಳನ್ನು ಇಳಿಸಿಕೊಳ್ಳುತ್ತಾರೆ. ಮಳೆ ಬಂದರೂ ನಿಂತಿರುತ್ತಾರೆ. ಕ್ಲಾಸಿನ ಮೊದಲ ಹದಿನೈದು ನಿಮಿಷ ಪಾಠ ಇಲ್ಲ. ಎಲ್ಲರೂ ಚಾಪೆಯ ಮೇಲೆ ದುಂಡಗೆ ಕೂತು ಒಬ್ಬರಿಗೊಬ್ಬರು ಹೆಸರು ಹಿಡಿದು ಗುಡ್ ಮಾರ್ನಿಂಗ್ ಹೇಳುತ್ತಾರೆ. ಯಾರಿಗಾದರೂ ಹೇಳುವುದಿದ್ದರೆ ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಹೊಸದರಲ್ಲಿ ಇದು ಟೈಮ್ ವೇಸ್ಟ್ ಅನ್ನುವ ಪೋಷಕರು ಇದ್ದೇ ಇರುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಬೇರೆಯವರು ಮಾತಾಡುವಾಗ ಬಾಯಿ ಮುಚ್ಚಿ ಕೂರುವುದು ಹತ್ತು ವರ್ಷದ ಮಗುವಿಗೆ ಸಣ್ಣ ಕೆಲಸವಲ್ಲ.

ಆಮೇಲೆ ಗಣಿತ. ನಾನು ವಾಲಂಟಿಯರ್ ಆಗಿ ಹೋದ ದಿನ ನೋಡಿದ್ದನ್ನು ಹೇಳುತ್ತೇನೆ. ಟೀಚರ್ ಬೋರ್ಡಿನ ಮೇಲೆ 16 × 25 ಅಂತ ಬರೆದರು. ಪೆನ್ಸಿಲ್ ಮುಟ್ಟುವಂತಿಲ್ಲ, ಮನಸ್ಸಲ್ಲೇ ಮಾಡಬೇಕು. ಉತ್ತರ ಹೊಳೆದವರು ಕೈ ಎತ್ತುವುದಿಲ್ಲ, ಎದೆಯ ಹತ್ತಿರ ಹೆಬ್ಬೆರಳು ತೋರಿಸುತ್ತಾರೆ. ಇನ್ನೂ ಯೋಚಿಸುತ್ತಿರುವವರಿಗೆ ಗಾಬರಿ ಆಗಬಾರದು ಅಂತ. ಒಬ್ಬ ಹುಡುಗ, ನಾಲ್ಕು 25 ಸೇರಿದರೆ 100, 16ರಲ್ಲಿ ಅಂಥ ನಾಲ್ಕು ಗುಂಪು, ಅದಕ್ಕೆ 400 ಅಂದ. ಒಬ್ಬಳು ಮೊದಲು 10 × 25 ಮಾಡಿ 250, ಆಮೇಲೆ 6 × 25 ಮಾಡಿ 150, ಎರಡನ್ನೂ ಕೂಡಿಸಿದೆ ಅಂದಳು. ಇನ್ನೊಬ್ಬ 1600ನ್ನು ನಾಲ್ಕರಿಂದ ಭಾಗಿಸಿದ್ದ. ಟೀಚರ್ ಮೂರನ್ನೂ ಬರೆದರು. ಸರಿ, ಗುಡ್ ಅಂತ ಯಾರಿಗೂ ಹೇಳಲಿಲ್ಲ. "ಇವನು ಯಾಕೆ ನಾಲ್ಕರಿಂದ ಭಾಗಿಸಿದ, ಬೇರೆ ಯಾರಾದರೂ ಹೇಳ್ತೀರಾ?" ಅಂತ ಕ್ಲಾಸಿಗೇ ಕೇಳಿದರು. ನನ್ನ ಮಗಳು ಎದ್ದು ವಿವರಿಸಿದಳು. ಅದು ಅವಳ ಲೆಕ್ಕವಲ್ಲ, ಬೇರೆಯವನ ಲೆಕ್ಕ. ಈ ಶಾಲೆಯಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಇದೇ. ಏನು ಮಾಡಿದೆ ಅನ್ನುವುದಕ್ಕಿಂತ ಯಾಕೆ ಹಾಗೆ ಮಾಡಿದೆ ಅನ್ನುವುದಕ್ಕೆ ಬೆಲೆ ಜಾಸ್ತಿ.

ಮಧ್ಯಾಹ್ನ ಊಟ. 2022ರಿಂದ ಕ್ಯಾಲಿಫೋರ್ನಿಯಾದ ಸಾರ್ವಜನಿಕ ಶಾಲೆಗಳಲ್ಲಿ, ಚಾರ್ಟರ್ ಶಾಲೆಗಳಲ್ಲೂ, ಕೇಳಿದ ಎಲ್ಲ ಮಕ್ಕಳಿಗೂ ತಿಂಡಿ ಮತ್ತು ಊಟ ಉಚಿತ. ಅಪ್ಪ ಅಮ್ಮನ ಸಂಬಳ ಎಷ್ಟು ಅಂತ ನೋಡುವುದಿಲ್ಲ. ಕರ್ನಾಟಕದಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಶುರುವಾಗಿದ್ದು 2002ರಲ್ಲಿ, ಅದನ್ನು ಇಲ್ಲಿಯ ಅಮ್ಮಂದಿರಿಗೆ ಹೇಳಿದರೆ ಕಣ್ಣರಳಿಸುತ್ತಾರೆ. ಬೀನ್ಸ್ ಬುರಿಟೊ, ಸೇಬು, ಹಾಲಿನ ಡಬ್ಬ ಇರುತ್ತದೆ. ಬೇಡವಾದ್ದನ್ನು, ತೆರೆಯದೇ ಇದ್ದರೆ, ಒಂದು ಮೇಜಿನ ಮೇಲೆ ಇಡುತ್ತಾರೆ. ಹಸಿವಾದವರು ಹೇಳದೆ ಕೇಳದೆ ತೆಗೆದುಕೊಳ್ಳಬಹುದು. ನನ್ನ ಮಗಳು ವಾರದಲ್ಲಿ ಎರಡು ದಿನ ಚಿತ್ರಾನ್ನ ಒಯ್ಯುತ್ತಾಳೆ, ಉಳಿದ ದಿನ ಅಲ್ಲಿಯದ್ದೇ.

ಬುಧವಾರ ಒಂದೂವರೆಗೇ ಶಾಲೆ ಬಿಡುತ್ತದೆ. ಆ ಮಧ್ಯಾಹ್ನ ಶಿಕ್ಷಕರೆಲ್ಲ ಕೂತು ಮುಂದಿನ ಪಾಠ ಯೋಜಿಸುತ್ತಾರೆ. ಅವರಿಗೆ ಅದು ಬೇಕೇ ಬೇಕು. ಆದರೆ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಬುಧವಾರ ಕಷ್ಟ. ಶಾಲೆ ಮುಗಿದ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಕಾರ್ಯಕ್ರಮಕ್ಕೆ ಜಾಗ ಬೇಗ ತುಂಬುತ್ತದೆ. ಸೀಟು ಸಿಕ್ಕ ದಿನವೇ ಅದಕ್ಕೂ ಹೆಸರು ಕೊಡಿ. ಅಕ್ಟೋಬರಿನಲ್ಲಿ ಒಂದು ಗುರುವಾರ ಇಡೀ ರಾಜ್ಯವೇ ಭೂಕಂಪದ ಡ್ರಿಲ್ ಮಾಡುತ್ತದೆ, ಮಕ್ಕಳು ಮೇಜಿನ ಕೆಳಗೆ ನುಗ್ಗಿ ಮೇಜಿನ ಕಾಲು ಹಿಡಿದು ಕೂರುತ್ತಾರೆ. ಬಂದೂಕು ಹಿಡಿದವನು ಬಂದರೆ ಏನು ಮಾಡಬೇಕು ಅನ್ನುವ ಡ್ರಿಲ್ಲೂ ಇದೆ. ಅದರ ಬಗ್ಗೆ ಮಗಳು ಮನೆಯಲ್ಲಿ ಸುಮ್ನೆ ಹೇಳಿಕೊಂಡು ಹೋದಾಗ ನನಗೆ ಹೊಟ್ಟೆ ತೊಳಸಿದಂತಾಗುತ್ತದೆ. ಚಾರ್ಟರ್ ಇರಲಿ, ಯಾವ ಶಾಲೆಯೇ ಇರಲಿ, ಈ ದೇಶದಲ್ಲಿ ಇದು ತಪ್ಪಿದ್ದಲ್ಲ.

ಈಗ ಪ್ರಾಜೆಕ್ಟ್ ವಿಷಯ. ಐದನೇ ಕ್ಲಾಸಿನವರು ಈ ವರ್ಷ ಹಿಡಿದ ಪ್ರಶ್ನೆ ಒಂದೇ: ನಮ್ಮ ಪಾರ್ಕಿಂಗ್ ಜಾಗದಲ್ಲಿ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ? ಅಲ್ಲಿಂದ ಚರಂಡಿ, ಚರಂಡಿಯಿಂದ ಕಯೋಟಿ ಕ್ರೀಕ್ ಅನ್ನುವ ಹಳ್ಳ, ಕ್ರೀಕ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ. ದಾರಿಯಲ್ಲಿ ಎಲ್ಲೂ ಶುದ್ಧೀಕರಣ ಇಲ್ಲ. ಮನೆಯ ಬಚ್ಚಲ ನೀರು ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ, ಬೀದಿಯ ಮಳೆನೀರು ಹಾಗೇ ಕೊಲ್ಲಿಗೆ ಸೇರುತ್ತದೆ. ಮಕ್ಕಳು ಕ್ರೀಕ್ ದಂಡೆಗೆ ಹೋಗಿ ನೀರು ತುಂಬಿಕೊಂಡು ಬಂದು ಪಿಎಚ್ (ಆಮ್ಲ, ಕ್ಷಾರದ ಅಳತೆ) ನೋಡಿದರು, ಎಷ್ಟು ಕದಡಿದೆ ಅಂತ ಅಳೆದರು, ಸಿಕ್ಕ ಪ್ಲಾಸ್ಟಿಕ್ಕನ್ನು ಬಗೆಬಗೆಯಾಗಿ ವಿಂಗಡಿಸಿ ಎಣಿಸಿದರು. ವಿಜ್ಞಾನ, ಗಣಿತ, ಬರವಣಿಗೆ ಎಲ್ಲ ಇದರಲ್ಲೇ ಬಂತು. ಬರೆದ ವರದಿಯನ್ನು ಒಬ್ಬರದ್ದು ಇನ್ನೊಬ್ಬರು ಓದಿ, ಇಲ್ಲಿ ಅರ್ಥವಾಗಲಿಲ್ಲ, ಇಲ್ಲಿ ಸಂಖ್ಯೆ ಬೇಕಿತ್ತು ಅಂತ ಗುರುತು ಹಾಕಿ ವಾಪಸ್ ಕೊಡುತ್ತಾರೆ. ಮತ್ತೆ ಬರೆಯಬೇಕು. ಮತ್ತೂ ಬರೆಯಬೇಕು.

ಕೊನೆಗೆ ಒಂದು ಸಂಜೆ ಪ್ರದರ್ಶನ. ಆಗ ನನ್ನ ಅಪ್ಪ ಊರಿಂದ ಬಂದಿದ್ದರು. ತಿಪಟೂರು ಕಡೆಯ ಅನುದಾನಿತ ಪ್ರೌಢಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಮಗಳ ಜೊತೆ ಒಬ್ಬ ವಿಯೆಟ್ನಾಮೀಸ್ ಮನೆಯ ಹುಡುಗ ಇದ್ದ. ಇಬ್ಬರೂ ರಟ್ಟಿನ ಮೇಲೆ ಬೀದಿ, ಚರಂಡಿ, ಕ್ರೀಕ್ ಮಾಡಿ, ಬಣ್ಣದ ನೀರು ಹುಯ್ದು ತೋರಿಸುತ್ತಿದ್ದರು. ಅಪ್ಪ ಕನ್ನಡಕ ಸರಿ ಮಾಡಿಕೊಂಡು ಇಂಗ್ಲಿಷಿನಲ್ಲೇ ಕೇಳಿದರು: ನೀವು ಮಳೆಯಾದ ಮರುದಿನ ನೀರು ತಂದಿರೋ, ಮಳೆ ಇಲ್ಲದಾಗಲೋ? ಹುಡುಗ ಒಂದು ಕ್ಷಣ ಯೋಚಿಸಿ, ಒಣ ದಿನವೇ ತಂದಿದ್ದು, ಅದಕ್ಕೇ ನಮ್ಮ ಅಂಕಿ ಪೂರ್ತಿ ಕಥೆ ಹೇಳುವುದಿಲ್ಲ, ಮಳೆಯಾದ ಮೇಲೆ ಇನ್ನೊಮ್ಮೆ ಹೋಗಬೇಕು ಅಂದ. ತನ್ನ ವರದಿ ತೆಗೆದು ಅಲ್ಲೇ ಪೆನ್ಸಿಲಿನಲ್ಲಿ ಅದನ್ನು ಬರೆದುಕೊಂಡ. ಅಪ್ಪ ಆ ಮೇಜು ಬಿಟ್ಟು ತುಂಬಾ ಹೊತ್ತು ಕದಲಲಿಲ್ಲ. ಮನೆಗೆ ಬರುವಾಗ ಕಾರಿನಲ್ಲಿ, "ನನ್ನ ಎಸ್‌ಎಸ್‌ಎಲ್‌ಸಿ ಹುಡುಗ್ರು ಇಷ್ಟು ಧೈರ್ಯವಾಗಿ 'ಇದು ಸಾಲದು' ಅಂತ ಹೇಳ್ತಿರಲಿಲ್ಲ" ಅಂದರು. ಹೇಳುವುದಕ್ಕೆ ನಾವೇ ಬಿಡಲಿಲ್ಲ ಅಂತಲೂ ಸೇರಿಸಿದರು.

ಪೋಷಕರ ಸಭೆಯೂ ಹೀಗೇ. ಟೀಚರ್ ಪಕ್ಕದಲ್ಲಿ ಕೂತಿರುತ್ತಾರೆ, ಮಾತಾಡುವುದು ಮಗು. ಫೈಲ್ ತೆರೆದು, ಇದು ಸೆಪ್ಟೆಂಬರಿನಲ್ಲಿ ಬರೆದದ್ದು, ಇದು ಈಗ ಬರೆದದ್ದು, ಭಿನ್ನರಾಶಿ ಇನ್ನೂ ಗಟ್ಟಿಯಾಗಿಲ್ಲ, ಅದಕ್ಕೆ ಇಂತಿಂಥದ್ದು ಮಾಡುತ್ತಿದ್ದೇನೆ ಅಂತ ಹೇಳುತ್ತದೆ. ರ‍್ಯಾಂಕ್ ಎಷ್ಟು ಅಂತ ಕೇಳಿದರೆ ಉತ್ತರ ಇಲ್ಲ, ಯಾಕಂದರೆ ರ‍್ಯಾಂಕೇ ಇಲ್ಲ. ಮೂರನೇ ಕ್ಲಾಸಿಂದ ವರ್ಷಕ್ಕೊಮ್ಮೆ ರಾಜ್ಯದ ಪರೀಕ್ಷೆ ಇದೆ, ಅದರ ಅಂಕ ಮನೆಗೆ ಬರುತ್ತದೆ. ಸಾಕು.

ಇದನ್ನು ನಮ್ಮವರು ಖಂಡಿತ ಓದಬೇಕು: ಹಾಜರಾತಿ. ಇಲ್ಲಿ ಶಾಲೆಗೆ ಹಣ ಬರುವುದು ಎಷ್ಟು ಮಕ್ಕಳ ಹೆಸರಿದೆ ಅನ್ನುವುದರ ಮೇಲಲ್ಲ, ದಿನಕ್ಕೆ ಸರಾಸರಿ ಎಷ್ಟು ಮಕ್ಕಳು ಬಂದು ಕೂತಿದ್ದಾರೆ ಅನ್ನುವುದರ ಮೇಲೆ. ಜ್ವರ ಬಂದು ಮನೆಯಲ್ಲಿದ್ದರೂ ಶಾಲೆಗೆ ಆ ದಿನದ ಹಣ ಇಲ್ಲ. ನಾವು ಡಿಸೆಂಬರಿನಲ್ಲಿ ಟಿಕೆಟ್ ಅಗ್ಗ ಅಂತಲೋ ಮದುವೆ ಇದೆ ಅಂತಲೋ ಮೂರು ನಾಲ್ಕು ವಾರ ಬೆಂಗಳೂರಿಗೆ ಹೋಗುತ್ತೇವೆ. ಸಣ್ಣ ಚಾರ್ಟರ್ ಶಾಲೆಯಲ್ಲಿ ಅಂಥ ನಾಲ್ಕೈದು ಮನೆಗಳಿದ್ದರೆ ಬಜೆಟ್ಟಿಗೆ ಪೆಟ್ಟು ಬೀಳುತ್ತದೆ. ಇದಕ್ಕೆ ಇಂಡಿಪೆಂಡೆಂಟ್ ಸ್ಟಡಿ ಅನ್ನುವ ದಾರಿ ಇದೆ. ಹೋಗುವ ಮೊದಲೇ ಆಫೀಸಿಗೆ ಹೇಳಿ ಒಪ್ಪಂದಕ್ಕೆ ಸಹಿ ಹಾಕಿ, ಟೀಚರ್ ಕೊಟ್ಟ ಕೆಲಸವನ್ನು ಮಗು ಮಾಡಿ ತಂದರೆ ಹಾಜರಾತಿ ಉಳಿಯುತ್ತದೆ. ಹೇಳದೆ ಹೋದರೆ ಎಷ್ಟೋ ಶಾಲೆಗಳಲ್ಲಿ ಸೀಟೇ ವೇಟಿಂಗ್ ಲಿಸ್ಟಿನ ಮಗುವಿಗೆ ಹೋಗಬಹುದು.

ಕೊರತೆಗಳೂ ಇವೆ. ನಮ್ಮ ಶಾಲೆಗೆ ಸ್ವಂತ ಮೈದಾನ ಇಲ್ಲ, ಪಕ್ಕದ ಪಾರ್ಕೇ ಗತಿ. ಲೈಬ್ರರಿ ಅಂದರೆ ಒಂದು ಕೋಣೆ. ಬಸ್ ಇಲ್ಲ. ಶಿಕ್ಷಕರು ಚಿಕ್ಕ ವಯಸ್ಸಿನವರು, ಎರಡು ಮೂರು ವರ್ಷಕ್ಕೆ ಬೇರೆ ಕಡೆ ಹೋಗುತ್ತಾರೆ. ಈ ಊರಿನ ಮನೆ ಬಾಡಿಗೆಗೆ ಅವರ ಸಂಬಳ ಎಲ್ಲಿ ಸಾಲುತ್ತದೆ? ವಾಲಂಟಿಯರ್ ಕೆಲಸ ತುಂಬಾ ಇರುತ್ತದೆ. ಆದರೆ ಪೋಷಕರು ಇಷ್ಟು ಗಂಟೆ ದುಡಿಯಲೇಬೇಕು, ಇಲ್ಲದಿದ್ದರೆ ಸೀಟಿಲ್ಲ ಅಂತ ಯಾವ ಚಾರ್ಟರ್ ಶಾಲೆಯೂ ಹೇಳುವಂತಿಲ್ಲ, ರಾಜ್ಯದ ಕಾನೂನೇ ಹಾಗಿದೆ. ಯಾರಾದರೂ ಹೇಳಿದರೆ ಹೆದರಬೇಡಿ.

ಚಾರ್ಟರ್ ಅಂದರೆ ಬೈಯುವವರೂ ಇದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ಮಗು ಇಲ್ಲಿಗೆ ಬಂದರೆ ಅದರ ಜೊತೆ ಹಣವೂ ಪಕ್ಕದ ಡಿಸ್ಟ್ರಿಕ್ಟ್ ಶಾಲೆಯಿಂದ ಹೊರಡುತ್ತದೆ, ಅಲ್ಲಿಯ ಕಟ್ಟಡದ ಖರ್ಚು ಮಾತ್ರ ಇಳಿಯುವುದಿಲ್ಲ. ಮಕ್ಕಳು ಕಡಿಮೆಯಾಗುತ್ತಿರುವ ಊರಿನಲ್ಲಿ ಇದು ನಿಜವಾದ ಹೊಡೆತ. 2019ರಲ್ಲಿ ಸ್ಯಾನ್ ಡಿಯಾಗೊದಲ್ಲಿ ಆನ್‌ಲೈನ್ ಚಾರ್ಟರ್ ಶಾಲೆಗಳ ಒಂದು ಜಾಲ ಕೋಟ್ಯಂತರ ಡಾಲರ್ ಸರ್ಕಾರದ ಹಣ ನುಂಗಿದ ಪ್ರಕರಣವೂ ಹೊರಬಂತು. 2023ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರೆಡೋ ಅನ್ನುವ ಸಂಶೋಧನಾ ಕೇಂದ್ರ ದೇಶದ ಚಾರ್ಟರ್ ಮಕ್ಕಳನ್ನು ಮಾಮೂಲಿ ಸರ್ಕಾರಿ ಶಾಲೆಯ ಮಕ್ಕಳ ಜೊತೆ ಹೋಲಿಸಿ ನೋಡಿತು. ಓದಿನಲ್ಲಿ ವರ್ಷಕ್ಕೆ 16 ದಿನದಷ್ಟು, ಗಣಿತದಲ್ಲಿ 6 ದಿನದಷ್ಟು ಕಲಿಕೆ ಮುಂದಿದೆ ಅಂತ ಹೇಳಿತು. ಅಂದರೆ ಸರಾಸರಿಯಲ್ಲಿ ಸ್ವಲ್ಪವೇ ಮುಂದೆ. ಆನ್‌ಲೈನ್ ಚಾರ್ಟರ್‌ಗಳು ತುಂಬಾ ಹಿಂದೆ. ಹಾಗಾಗಿ ಬೋರ್ಡಿನ ಮೇಲೆ ಚಾರ್ಟರ್ ಅಂತ ಇದ್ದರೆ ಒಳ್ಳೆಯದು ಅಂದುಕೊಂಡು ಯಾರೂ ಓಡಬೇಡಿ.

ಹೆಚ್ಚಿನ ಶಾಲೆಗಳಲ್ಲಿ ಅರ್ಜಿ ಚಳಿಗಾಲಕ್ಕೆ ಮೊದಲೇ ತೆರೆಯುತ್ತದೆ, ಲಾಟರಿ ವಸಂತದ ಹೊತ್ತಿಗೆ. ಅಷ್ಟರಲ್ಲಿ ಕೆಲಸದ ದಿನವೇ ಹೋಗಿ ಕ್ಲಾಸು ನಡೆಯುವಾಗ ನೋಡಿ. ಆಡಳಿತ ಮಂಡಳಿಯ ಸಭೆ ಸಾರ್ವಜನಿಕರಿಗೆ ತೆರೆದಿರಲೇಬೇಕು, ಒಂದು ಸಂಜೆ ಹಿಂದೆ ಕೂತು ಕೇಳಿ, ದುಡ್ಡು ಎಲ್ಲಿ ಹೋಗುತ್ತಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ಸಾಧ್ಯವಾದರೆ ಕ್ಲಾಸಿನಲ್ಲಿ ಒಂದು ಮಗುವಿನ ಪಕ್ಕ ಬಗ್ಗಿ, ಏನು ಮಾಡ್ತಿದ್ದೀಯಾ, ಯಾಕೆ ಮಾಡ್ತಿದ್ದೀಯಾ ಅಂತ ಕೇಳಿ. ಮನೆ ಹತ್ತಿರದ ಮಾಮೂಲಿ ಸರ್ಕಾರಿ ಶಾಲೆಯಲ್ಲೂ ಇದೇ ಕೇಳಿ. ಅಲ್ಲಿ ಒಳ್ಳೆಯ ಉತ್ತರ ಸಿಕ್ಕರೆ ಅಲ್ಲೇ ಸೇರಿಸಿ, ಮಗು ನಡೆದುಕೊಂಡೇ ಶಾಲೆಗೆ ಹೋಗಬಹುದು.