ನಾನು ಹೊಡೆದುಹಾಕಿದ 'ಕೋಳಿ'

ಹೊಸ ಆರ್ಟ್‌ವರ್ಕ್ ಪ್ರೂಫ್, ಅಂದರೆ ಮುದ್ರಣಕ್ಕೆ ಮೊದಲು ಒಪ್ಪಿಗೆ ಕೊಡಬೇಕಾದ ಪ್ಯಾಕೆಟ್ ಲೇಬಲ್‌ನ ಮಾದರಿ, ಸೋಮವಾರದಿಂದ ನನ್ನ ಮೇಜಿನ ಮೇಲಿದೆ. ನಾನಿನ್ನೂ ಸೈನ್ ಹಾಕಿಲ್ಲ. ಪ್ರೊಡಕ್ಷನ್‌ನವರು ದಿನಕ್ಕೆರಡು ಸಲ ಫೋನ್ ಮಾಡುತ್ತಾರೆ. ತಡ ಯಾಕೆ ಅಂತ ಹೇಳಬೇಕಾದರೆ ಆ ಟೇಸ್ಟಿಂಗ್ ದಿನದ ಕಥೆ ಹೇಳಲೇಬೇಕು.

ಕೋಳಿಯ ಜೀವಕೋಶಗಳನ್ನು ಬಯೋರಿಯಾಕ್ಟರ್ ಅನ್ನುವ ಉಕ್ಕಿನ ಟ್ಯಾಂಕಿನಲ್ಲಿ ಬೆಳೆಸಿ ಕೋಳಿ ಮಾಂಸ ಮಾಡುವ ಕಂಪನಿ ನಮ್ಮದು. ನನ್ನದು ಲೇಬಲ್ ವಿಭಾಗ. ಇದನ್ನು ಮಾಂಸ ಅನ್ನಬೇಕೋ ಬೇಡವೋ ಅಂತ ತಿಂಗಳುಗಟ್ಟಲೆ ಜಗಳ ನಡೆದಿತ್ತು. ಮಾರ್ಕೆಟಿಂಗ್‌ನವರಿಗೆ ಆ ಪದ ಬೇಕು, ಲೀಗಲ್‌ನವರಿಗೆ ಭಯ. ಸಾಕಿದ ಪ್ರಾಣಿಯನ್ನೋ ಕೋಳಿಯನ್ನೋ ಕೊಯ್ದು ಬಂದದ್ದಲ್ಲದಿದ್ದರೆ ಅದನ್ನು ಮಾಂಸವೆಂದು ಬಿಂಬಿಸಬಾರದು ಅಂತ ಅಮೆರಿಕದ ಮಿಸೌರಿ ರಾಜ್ಯ 2018ರಲ್ಲೇ ಕಾನೂನು ಮಾಡಿತ್ತು. 2023ರಲ್ಲಿ ಇಟಲಿ ಹೀಗೆ ಜೀವಕೋಶದಿಂದ ಬೆಳೆಸಿದ್ದರ ಮಾರಾಟವನ್ನೇ ನಿಷೇಧಿಸಿತು. "ಯಾರ ತಂಟೆಯೂ ಬೇಡ" ಅಂದರು ಮ್ಯಾನೇಜರ್. ನನಗೂ ಅದೇ ಸರಿ ಅನ್ನಿಸಿತು. ರುಚಿ ನೋಡಲು ಬರುವವರ ಪ್ಯಾನೆಲ್ ಮುಂದೆ ಇಡುವ ಕಾರ್ಡಿನಿಂದ 'ಕೋಳಿ', 'ಮಾಂಸ' ಎರಡನ್ನೂ ಹೊಡೆದುಹಾಕಿ, 'ಕಲ್ಚರ್ಡ್ ಪ್ರೋಟೀನ್' ಅಂತ ನಾನೇ ಬರೆದೆ.

ಪ್ಯಾನೆಲ್‌ಗೆ ಎಂಟು ಜನ ಬಂದಿದ್ದರು. ಮೂರನೇ ಬೂತಿನಲ್ಲಿದ್ದ ಮಹಿಳೆ ಒಂದು ತುಂಡು ಕಚ್ಚಿ, ಅಗಿಯುವುದನ್ನು ನಿಲ್ಲಿಸಿ, ಟಿಶ್ಯೂಗೆ ಉಗುಳಿದರು. "ಇದರಲ್ಲಿ ಕೋಳಿ ಇದೆಯಾ?" ಅಂದರು.

"ಇದೆ" ಅನ್ನಬೇಕಿತ್ತು. ನಾನು, "ಕೋಳಿ ಅಂತಲ್ಲ ಮೇಡಂ, ಕೋಳಿಯ ಜೀವಕೋಶ ತೆಗೆದು..." ಅಂತ ಶುರು ಮಾಡಿದೆ. ತಿಂಗಳುಗಟ್ಟಲೆ ಮೀಟಿಂಗ್‌ಗಳಲ್ಲಿ ಕಲಿತ ಮಾತು ಅದು. ಅವರು ನನ್ನನ್ನು ತಡೆದು, "ನನಗೆ ಕೋಳಿ ಆಗಲ್ಲ" ಅಂದರು. ಆಗಲೇ ಅವರ ತುಟಿ ಊದತೊಡಗಿತ್ತು.

ಗುಣಮಟ್ಟ ನೋಡಿಕೊಳ್ಳುವ ಕ್ಯೂಎ ವಿಭಾಗದ ಹುಡುಗ ಕಾರು ತರಲು ಓಡಿದ. ಅವರು ತಮ್ಮ ಬ್ಯಾಗಿನಿಂದ ಮಾತ್ರೆ ಹುಡುಕಿ ನುಂಗಿದರು. ನಾನು ಪಕ್ಕದಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದೆ. ಮೇಜಿನ ಮೇಲಿದ್ದ ಕಾರ್ಡನ್ನೇ ನೋಡುತ್ತಿದ್ದೆ. ಅವರು ಅದನ್ನು ಓದಿದ್ದರು, ಸರಿಯಾಗಿಯೇ ಓದಿದ್ದರು. ಸೋಯಾ ಥರದ್ದೇನೋ ಇರಬೇಕು ಅಂದುಕೊಂಡಿದ್ದರು. ಆಸ್ಪತ್ರೆಯಲ್ಲಿ ಸಂಜೆಯವರೆಗೆ ಇಟ್ಟುಕೊಂಡು, ಅಪಾಯವಿಲ್ಲ ಅಂತ ಮನೆಗೆ ಕಳಿಸಿದರು.

ನಮ್ಮ ಅಲರ್ಜಿ ಫಾರ್ಮ್ ಅವರು ತುಂಬಿದ್ದರು. ಅದರಲ್ಲಿ ಹಾಲು, ಮೊಟ್ಟೆ, ಮೀನು, ಶೇಂಗಾ, ಗೋಧಿ, ಸೋಯಾ, ಎಳ್ಳು ಎಲ್ಲಾ ಇತ್ತು. ಕೋಳಿ ಇರಲಿಲ್ಲ. ಅಮೆರಿಕದ ಒಂಬತ್ತು ಮುಖ್ಯ ಅಲರ್ಜಿಕಾರಕಗಳ ಪಟ್ಟಿಯಲ್ಲೂ ಕೋಳಿ ಮಾಂಸ ಇಲ್ಲ, ಯಾಕಂದ್ರೆ ಈ ಅಲರ್ಜಿ ಅಪರೂಪ. ಅಂಥವರಿಗೆ ಪ್ಯಾಕೆಟ್ ಮೇಲಿನ ಹೆಸರೊಂದೇ ಎಚ್ಚರಿಕೆ. ಅದನ್ನೇ ನಾನು ಅಳಿಸಿದ್ದೆ. ಉಕ್ಕಿನ ಟ್ಯಾಂಕಿನಲ್ಲಿ ಬೆಳೆದರೂ ಕೋಳಿಯ ಜೀವಕೋಶ ಕೋಳಿಯ ಪ್ರೋಟೀನನ್ನೇ ಮಾಡುತ್ತದೆ. ಅವರ ದೇಹಕ್ಕೆ ಅದು ಗೊತ್ತಾಯಿತು, ಅಲ್ವಾ?

ಹಾಗಂತ ಸುಮ್ನೆ 'ಕೋಳಿ ಮಾಂಸ' ಅಂತ ಬರೆದು ಕೈ ತೊಳೆದುಕೊಳ್ಳುವುದೂ ತಪ್ಪು. ಹೇಗೆ ಬೆಳೆಸಿದ್ದು ಅಂತ ತಿಳಿಯುವ ಹಕ್ಕು ತಿನ್ನುವವರಿಗಿದೆ. 2023ರ ಜೂನ್‌ನಲ್ಲಿ ಅಮೆರಿಕದ ಕೃಷಿ ಇಲಾಖೆ ಒಪ್ಪಿದ ಲೇಬಲ್‌ನಲ್ಲಿ 'ಸೆಲ್ ಕಲ್ಟಿವೇಟೆಡ್ ಚಿಕನ್' ಅಂತಿತ್ತು. ಯಾವ ಪ್ರಾಣಿ, ಹೇಗೆ ಬಂತು, ಎರಡೂ ಒಟ್ಟಿಗೆ. ನಮ್ಮ ಹೊಸ ಪ್ರೂಫ್‌ನಲ್ಲೂ ಈಗ ಹಾಗೇ ಇದೆ, ಎರಡೂ ಒಂದೇ ಗಾತ್ರದ ಅಕ್ಷರದಲ್ಲಿ. ಇದಕ್ಕೆ ಮ್ಯಾನೇಜರ್ ಜೊತೆ ಮೂರು ಸುತ್ತು ವಾದ ಮಾಡಬೇಕಾಯಿತು.

ಆದರೆ ಈ ಪ್ರೂಫ್ ಹೊಸ ಮಿಶ್ರಣದ್ದು. ಇದರಲ್ಲಿ ಜಾಸ್ತಿ ಇರುವುದು ಸಸ್ಯದ ಪ್ರೋಟೀನ್, ಕೋಳಿಯ ಜೀವಕೋಶ ಕಡಿಮೆ. ಇಂಥದ್ದು ಹೊಸದೇನಲ್ಲ. 2024ರಲ್ಲಿ ಸಿಂಗಪುರದ ಅಂಗಡಿಗೆ ಬಂದ ಒಂದು ಉತ್ಪನ್ನದಲ್ಲಿ ಕೋಳಿಯ ಪಾಲು ಶೇಕಡ 3 ಮಾತ್ರ. ಅಷ್ಟಿದ್ದರೂ ಅಲರ್ಜಿ ಇರುವವರಿಗೆ ಕೋಳಿಯ ಹೆಸರು ಕಾಣಲೇಬೇಕು. ಮಾಂಸ ಅಂತ ದುಡ್ಡು ಕೊಡುವವರಿಗೆ ಎಷ್ಟಿದೆ ಅನ್ನುವುದೂ ಕಾಣಬೇಕು. ಆ ಸಂಖ್ಯೆಯನ್ನು ಹಿಂಭಾಗದ ಸಣ್ಣ ಅಕ್ಷರದಿಂದ ಮುಂದಕ್ಕೆ ತನ್ನಿ ಅಂತ ಬರೆದು ಕಳಿಸಿದ್ದೇನೆ. ಉತ್ತರ ಬರುವವರೆಗೆ ಸೈನ್ ಇಲ್ಲ.