ಸದಾಶಿವಗಡದಿಂದ ಸೂಪಾಕ್ಕೆ, ಅಣಶಿ ಘಟ್ಟ ಹತ್ತಿ

ಕಾರವಾರದವರಿಗೆ ಕಾಳಿ ನದಿ ಅಂದರೆ ಕೋಡಿಬಾಗದ ಅಗಲ ನೀರು, ದೋಣಿ, ಸೇತುವೆ. ಅಲ್ಲಿಗೆ ನದಿಯ ಕತೆ ಮುಗಿದೇ ಹೋಗಿರುತ್ತದೆ. ಅದನ್ನು ಕೊನೆಯಿಂದ ಹಿಂದಕ್ಕೆ ಓದಬೇಕಾದರೆ ಸದಾಶಿವಗಡದಿಂದ ಜೋಯಿಡಾ ಕಡೆಗೆ ಹೋಗುವ ರಾಜ್ಯ ಹೆದ್ದಾರಿ ಹಿಡಿಯಬೇಕು. ನವೆಂಬರ್‌ನಲ್ಲಿ ಭಾವನ ಕಾರಿನಲ್ಲಿ ಹೊರಟೆವು. ಮಳೆ ನಿಂತಿತ್ತು, ಹಸಿರು ಇನ್ನೂ ಮಾಸಿರಲಿಲ್ಲ.

2024ರ ಆಗಸ್ಟ್‌ನಲ್ಲಿ ಹಳೆಯ ಸೇತುವೆ ಕುಸಿದು ಬಿದ್ದಿತ್ತಲ್ಲ, ಹೊಸದರ ಮೇಲೆ ಹೋಗುವಾಗಲೂ ಭಾವ ಮಾತು ನಿಲ್ಲಿಸಿಬಿಟ್ಟರು. ಕದ್ರಾದವರೆಗೆ ಹೇಳುವಂಥದ್ದೇನಿಲ್ಲ. ತೋಟ, ಗದ್ದೆ, ಊರುಗಳು. ಅಲ್ಲಿಂದ ಮೇಲೆ ನದಿಯ ಪಾತ್ರ ಕೈಗಾ ಕಡೆಗೆ ಹೋಗುತ್ತದೆ, ನಮ್ಮ ರಸ್ತೆ ಘಟ್ಟಕ್ಕೆ.

ಘಟ್ಟ ಶುರುವಾದ ಕೂಡಲೇ ಎಸಿ ಬಂದ್ ಮಾಡಿ ಗಾಜು ಇಳಿಸಿ. ಒಳಗೆ ಬರುವ ಗಾಳಿಯೇ ಬೇರೆ. ತಿರುವುಗಳು ಜಾಸ್ತಿ, ರಸ್ತೆ ಕಿರಿದು. ಮಳೆಗಾಲದಲ್ಲಿ ಗುಡ್ಡ ಕುಸಿದು ದಾರಿ ಮುಚ್ಚುವುದೂ ಉಂಟು, ಹಾಗಾಗಿ ಜುಲೈನಲ್ಲಿ ಬರುವ ಹುಮ್ಮಸ್ಸು ಬೇಡ.

ಅಣಶಿ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ದಾಂಡೇಲಿ ಅಭಯಾರಣ್ಯದ ಜೊತೆ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಿಂದ ಅದಕ್ಕೆ ಕಾಳಿಯದೇ ಹೆಸರು. ಹಾಗಂತ ಹುಲಿ ನೋಡಲೇಬೇಕು ಅನ್ನುವವರಿಗೆ ಈ ದಾರಿಯಲ್ಲ. ಬಂಡೀಪುರದ ಹಾಗೆ ದೂರದವರೆಗೆ ಕಣ್ಣು ಹಾಯುವ ಕಾಡಲ್ಲ ಇದು. ಹತ್ತು ಹೆಜ್ಜೆ ಆಚೆ ಏನೂ ಕಾಣದು. ಇಲ್ಲಿ ಕರಿ ಚಿರತೆ ಉಂಟು ಅಂದೆ. "ಅದು ನೆರಳಲ್ಲಿ ಕೂತ್ರೆ ಯಾರಿಗೆ ಕಾಣ್ತದೆ ಮಾರಾಯ" ಅಂದರು ಭಾವ.

ಕಂಡದ್ದು ಮಂಗಟ್ಟೆ, ಅಂದರೆ ಹಾರ್ನ್‌ಬಿಲ್ ಹಕ್ಕಿ. ಕಾಣುವ ಮೊದಲೇ ಕೇಳಿತು, ಯಾರೋ ಚಾಪೆ ಕೊಡವಿದ ಹಾಗೆ ರೆಕ್ಕೆಯ ಸದ್ದು. ಕಾರು ನಿಲ್ಲಿಸುವಷ್ಟರಲ್ಲಿ ಜೋಡಿ ಹಕ್ಕಿ ರಸ್ತೆ ದಾಟಿ ಆಚೆ ಮರಕ್ಕೆ ಹೋಗಿ ಕೂತಿತು. ಈ ಹಕ್ಕಿಯ ಸಂಸಾರವೇ ವಿಚಿತ್ರ. ಮೊಟ್ಟೆ ಇಡುವಾಗ ಹೆಣ್ಣು ಪೊಟರೆಯೊಳಗೆ ಕೂತು ಪೊಟರೆಯ ಬಾಯಿಯನ್ನು ಮುಚ್ಚಿಕೊಳ್ಳುತ್ತದೆ, ಒಂದು ಸೀಳು ಮಾತ್ರ ಉಳಿಯುತ್ತದೆ. ವಾರಗಟ್ಟಲೆ ಗಂಡು ಹೊರಗಿನಿಂದ ಹಣ್ಣು ತಂದು ಆ ಸೀಳಿನಲ್ಲಿ ಕೊಡಬೇಕು. ಅಷ್ಟು ದೊಡ್ಡ ಪೊಟರೆ ಇರುವುದು ಹಳೆಯ ಮರದಲ್ಲಿ ಮಾತ್ರ. ಸುಮ್ನೆ ಗಿಡ ನೆಟ್ಟರೆ ಈ ಹಕ್ಕಿಗೆ ಮನೆ ಆಗುವುದಿಲ್ಲ ಅಲ್ವಾ? ನಮ್ಮ ಹಿಂದೆ ಬಂದ ಬಸ್ಸಿನವನು ಹಾರ್ನ್ ಹೊಡೆದ. ಹಕ್ಕಿ ಹೋಯಿತು.

ಜೋಯಿಡಾದಲ್ಲಿ ಚಹಾ. ಪಕ್ಕದಲ್ಲೇ ಕುಣಬಿ ಸಮುದಾಯದ ಹೆಂಗಸೊಬ್ಬರು ಮಣ್ಣು ಮೆತ್ತಿದ ಗಡ್ಡೆಗಳನ್ನು ಹರಡಿಕೊಂಡು ಕೂತಿದ್ದರು. "ಇದನ್ನು ಹೇಗೆ ಮಾಡುದು ಅಕ್ಕಾ?" ಅಂದೆ. "ಬೇಯ್ಸಿ, ಉಪ್ಪು ಹಾಕಿ ತಿನ್ನಿ, ಮತ್ತೇನು!" ಕುಣಬಿಯವರು ಬೆಳೆಯುವ ಗಡ್ಡೆ-ಗೆಣಸಿಗಾಗಿಯೇ ಇಲ್ಲಿ ಮೇಳ ನಡೆಯುತ್ತದೆ.

ಗಣೇಶಗುಡಿ ಸೇತುವೆಯ ಮೇಲೆ ಕಾಳಿ ಮತ್ತೆ ಸಿಕ್ಕಿತು. ತಲೆ ಎತ್ತಿದರೆ ಸೂಪಾ ಅಣೆಕಟ್ಟು, 101 ಮೀಟರ್ ಎತ್ತರ. ಹಳೆಯ ಸೂಪಾ ಊರು ಇದರ ನೀರಿನಡಿ ಹೋಯಿತು, ಎಷ್ಟೋ ಮನೆಯವರು ರಾಮನಗರಕ್ಕೆ ಹೋಗಿ ನೆಲೆಸಿದರು. ಜೋಯಿಡಾ ತಾಲೂಕನ್ನು ಹಳಬರು ಇವತ್ತಿಗೂ ಸೂಪಾ ತಾಲೂಕು ಅನ್ನುತ್ತಾರೆ. ಇಲ್ಲಿ ಟರ್ಬೈನ್ ತಿರುಗಿಸಿದ ನೀರೇ ಮುಂದೆ ನಾಗಝರಿಯಲ್ಲಿ, ಕೊಡಸಳ್ಳಿಯಲ್ಲಿ, ಕದ್ರಾದಲ್ಲಿ ಮತ್ತೆ ಅದೇ ಕೆಲಸ ಮಾಡುತ್ತದೆ. ಇಷ್ಟು ದುಡಿಯುವ ನದಿ ನಮ್ಮ ಜಿಲ್ಲೆಯಲ್ಲಿ ಇನ್ನೊಂದಿಲ್ಲ.

ಭಾವನಿಗೆ ರಾಫ್ಟಿಂಗ್ ಆಸೆ ಹತ್ತಿತು. ವಿಚಾರಿಸಿದರೆ, ಅಣೆಕಟ್ಟಿನಿಂದ ನೀರು ಬಿಟ್ಟ ಮೇಲೆಯೇ ದೋಣಿ ಇಳಿಸುವುದು, ಕಾಯಬೇಕು ಅಂದರು. ಊಟ ಮಾಡಿಕೊಂಡು ಬರೋಣ ಅಂತ ಹೋಟೆಲ್ ಹುಡುಕಿಕೊಂಡು ಹೊರಟೆವು.