ಆರಿದ್ರಾ ಮಳೆಯ ರಾತ್ರಿ ಹೆಣ್ಣು ಕಪ್ಪೆಯ ಕಿವಿ

ಆರಿದ್ರಾ ಮಳೆ ಹಿಡಿಯಿತೆಂದರೆ ಮೂಡಿಗೆರೆ ಕಡೆಯ ನಮ್ಮ ಚಿಕ್ಕಪ್ಪನ ತೋಟದ ಮನೆಯಲ್ಲಿ ಕತ್ತಲಾದ ಮೇಲೆ ಮೆಲುದನಿಯ ಮಾತು ನಡೆಯುವುದಿಲ್ಲ. ಗದ್ದೆಯಿಂದ ಕಪ್ಪೆಗಳ ದಪ್ಪ ವಟವಟ, ಕಾಫಿ ಗಿಡಗಳ ನಡುವಿನಿಂದ ಪೊದೆಗಪ್ಪೆಗಳ ಟಿಕ್ ಟಿಕ್, ಅದರ ಮೇಲೆ ಜೀರುಂಡೆ. ಹೋದ ವರ್ಷ ಟಾರ್ಚ್ ಹಿಡಿದು ಇಳಿದಾಗ, ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಗಂಡೊಂದು ರೋಬಸ್ಟಾ ಎಲೆಯ ಮೇಲೆ ಕುಳಿತು, ಗಂಟಲಿನ ಚೀಲವನ್ನು ಗುಳ್ಳೆಯಂತೆ ಉಬ್ಬಿಸಿ ಕೂಗುತ್ತಿತ್ತು. ಎರಡು ಎಲೆ ಕೆಳಗೆ, ಅದಕ್ಕಿಂತ ದಪ್ಪನೆಯ ಇನ್ನೊಂದು ಸದ್ದಿಲ್ಲದೆ ಕುಳಿತಿತ್ತು. "ಈ ಸಂತೆಯೊಳಗೆ ಅದಕ್ಕೆ ಯಾರ ದನಿ ಯಾವುದು ಅಂತ ಹೇಗೆ ಗೊತ್ತಾಗುತ್ತೋ ಮಾರಾಯ?" ಎಂದರು ಚಿಕ್ಕಪ್ಪ.

ನಾವು ಕೇಳುವ ಗದ್ದಲವೆಲ್ಲ ಹೆಚ್ಚುಕಡಿಮೆ ಗಂಡುಗಳದ್ದೇ. ಆದರೆ ನಿಜವಾಗಿ ಕಷ್ಟದ ಕೆಲಸ ಮೌನವಾಗಿರುವ ಹೆಣ್ಣಿನದು ಎಂದು ನನಗೆ ಅನ್ನಿಸುತ್ತದೆ. ಒಂದು ಸೆಂಟಿಮೀಟರ್ ಅಂತರದ ಎರಡು ಕಿವಿಗಳನ್ನು ಶಬ್ದವು ಮುಟ್ಟುವ ಕಾಲದ ವ್ಯತ್ಯಾಸ ಹೆಚ್ಚೆಂದರೆ ಸೆಕೆಂಡಿನ ಲಕ್ಷದಲ್ಲಿ 3 ಭಾಗ. ಅಷ್ಟರಿಂದಲೇ ದಿಕ್ಕು ಹಿಡಿಯುವುದು ಸುಲಭವಲ್ಲ. ಕಪ್ಪೆಯ ಎರಡೂ ಕಿವಿಗಳು ಬಾಯಿಯ ಪೊಳ್ಳಿನ ಮೂಲಕ ಒಂದಕ್ಕೊಂದು ಸೇರಿಕೊಂಡಿರುವುದರಿಂದ, ಶಬ್ದವು ಕಿವಿತಮಟೆಯನ್ನು ಹೊರಗಿನಿಂದಲೂ ಒಳಗಿನಿಂದಲೂ ತಟ್ಟುತ್ತದೆ; ಈ ಎರಡು ಒತ್ತಡಗಳ ವ್ಯತ್ಯಾಸವು ದನಿ ಬಂದ ದಿಕ್ಕಿಗೆ ತಕ್ಕಂತೆ ಬದಲಾಗುವುದರಿಂದ ಹೆಣ್ಣಿಗೆ ದಾರಿ ಸಿಗುತ್ತದೆ.

ಶ್ವಾಸಕೋಶದ ಪಾತ್ರ ನನಗೆ ಇನ್ನೂ ಸೋಜಿಗ. ಅಮೆರಿಕದ ಹಸಿರು ಮರಗಪ್ಪೆಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹೆಣ್ಣಿನ ಗಾಳಿ ತುಂಬಿದ ಶ್ವಾಸಕೋಶಗಳು ಶಬ್ದಕ್ಕೆ ಕಂಪಿಸಿ, ಬೇರೆ ಜಾತಿಯ ಕಪ್ಪೆಗಳು ಕೂಗುವ ಕಂಪನಾಂಕಗಳಿಗೆ ಕಿವಿತಮಟೆ ಸ್ಪಂದಿಸುವುದನ್ನು ತಗ್ಗಿಸುತ್ತವೆ. ಸ್ವಜಾತಿಯ ಗಂಡಿನ ದನಿ ಇದರಿಂದ ಜೋರಾಗುವುದಿಲ್ಲ, ಸುತ್ತಲಿನ ಗಲಾಟೆ ಮಾತ್ರ ತಗ್ಗುತ್ತದೆ.

ಕೂಗಿನ ಲಯವೂ ಗುರುತೇ. ಅಮೆರಿಕದಲ್ಲಿ ನೋಡಲು ಒಂದೇ ತೆರನಾದ ಎರಡು ಜಾತಿಯ ಬೂದು ಮರಗಪ್ಪೆಗಳಿದ್ದು, ಅವುಗಳ ಹೆಣ್ಣುಗಳು ಕೂಗಿನೊಳಗಿನ ಮಿಡಿತಗಳ ವೇಗದಿಂದ ತಮ್ಮವರನ್ನು ಗುರುತಿಸುತ್ತವೆ. ಚಳಿ ಹೆಚ್ಚಿದರೆ ಗಂಡಿನ ಮಿಡಿತ ನಿಧಾನವಾಗುತ್ತದೆ. ಹೆಣ್ಣು ಮೆಚ್ಚುವ ವೇಗವೂ ಅದರೊಂದಿಗೇ ಇಳಿಯುತ್ತದೆ.

ದನಿಯೊಂದನ್ನೇ ನೆಚ್ಚಿಕೊಳ್ಳದವರೂ ಇದ್ದಾರೆ. ನಮ್ಮ ಪಕ್ಕದ ಕೊಟ್ಟಿಗೆಹಾರದ ಹೆಸರನ್ನೇ ಹೊತ್ತಿರುವ, ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣ ರಾವ್ ಅವರು 1937ರಲ್ಲಿ ವಿವರಿಸಿದ ಕುಣಿಯುವ ಕಪ್ಪೆಯ ಗಂಡು, ಹಳ್ಳದ ನೀರು ಭೋರ್ಗರೆಯುವ ಕಡೆ ಕೂಗುವುದರ ಜೊತೆಗೆ ಹಿಂಗಾಲನ್ನು ಚಾಚಿ ಬೀಸುತ್ತದೆ. (ಪೊದೆಗಪ್ಪೆಗಳ ಕುಲಕ್ಕಿರುವ ರಾವೋರ್ಕೆಸ್ಟಿಸ್ ಎಂಬ ಹೆಸರೂ ಇದೇ ರಾವ್ ಅವರ ನೆನಪಿನದು.)

ಆ ರಾತ್ರಿ ಬೆಳಕು ಕಂಡು ಬೆದರೀತೆಂದು ನಾವು ಟಾರ್ಚ್ ಆರಿಸಿ, ಕೊಡೆಯ ಕೆಳಗೆ ಹತ್ತು ನಿಮಿಷ ನಿಂತೆವು. ಮತ್ತೆ ಬೆಳಕು ಬಿಟ್ಟಾಗ ಕೆಳಗಿನ ಎಲೆ ಖಾಲಿಯಾಗಿತ್ತು. ಮೇಲಿನ ಗಂಡು ಒಂಟಿಯಾಗಿ ಕೂಗುತ್ತಲೇ ಇತ್ತು. ದಪ್ಪನೆಯದು ಪಕ್ಕದ ಗಿಡದ ರೆಂಬೆಯೊಂದರ ಮೇಲೆ, ಅಲ್ಲಿಂದ ಬರುತ್ತಿದ್ದ ಇನ್ನೊಂದು ಟಿಕ್ ಟಿಕ್ ಕಡೆಗೆ ಮುಖ ಮಾಡಿ ಕುಳಿತಿತ್ತು. "ಇವನ ರಾಗ ಹಿಡಿಸಲಿಲ್ಲ ನೋಡು" ಎಂದು ಚಿಕ್ಕಪ್ಪ ಮನೆಯ ಕಡೆ ತಿರುಗಿದರು.